‘ಬೇ’ ಎಂಬಲ್ಲಿ ನಿಂತ ಮಾತು

ಸಂಯೋಜಕಿಗೆ ಸಿಟ್ಟು ಬಂದರೆ ಮೊದಲು ಗೊತ್ತಾಗುವುದು ಅವಳ ಚಪ್ಪಲಿಗೆ. ಆ ಸೋಮವಾರ ಬೆಳಿಗ್ಗೆ ವಿಶ್ವವಿದ್ಯಾಲಯದ ಹಿಂದಿನ ಗೇಟಿನಿಂದ ವೀಲ್‌ಚೇರ್ ರಿಪೇರಿ ಶೆಡ್ಡಿನವರೆಗೆ ಅವಳು ನಡೆದ ರಭಸಕ್ಕೆ ಎಡಗಾಲಿನ ಪಟ್ಟಿ ಕಿತ್ತುಬಂತು. ನಿಲ್ಲುವಷ್ಟು ಪುರುಸೊತ್ತು ಅವಳಿಗಿರಲಿಲ್ಲ. ಚಪ್ಪಲಿಯನ್ನು ಎಳೆದುಕೊಂಡೇ ನಡೆದಳು.

ಹತ್ತು ನಿಮಿಷದ ಹಿಂದೆ ಅವಳ ವಿದ್ಯಾರ್ಥಿನಿ, ಎಲ್ಲರೂ ಕನ್ನಡಕದ ಹುಡುಗಿ ಅನ್ನುವವಳು, ಫೋನ್ ಮಾಡಿದ್ದಳು. "ಮೇಡಂ, ನಾವು ಹನ್ನೆರಡೂ ಜನ ಬಂದು ನಿಂತಿದ್ದೀವಿ. ಅವರು ನಮ್ಮನ್ನ ನೋಡಿ ಷಟರ್ ಅರ್ಧ ಎಳೆದುಬಿಟ್ರು."

"ಅರ್ಧ ಅಂದ್ರೆ?"

"ಒಳಗಿರೋರು ಕಾಣ್ತಾರೆ ಮೇಡಂ. ಸೊಂಟದಿಂದ ಕೆಳಗೆ."

ವಿದ್ಯಾರ್ಥಿಗಳನ್ನು ತರಗತಿಯಿಂದ ಆಚೆ ಕಳಿಸಿ, ಊರಿನ ಜನರ ಜೊತೆ ಕೆಲಸ ಮಾಡಿಸಿ, ಅಲ್ಲಿ ಕಲಿತದ್ದಕ್ಕೆ ಅಂಕ ಕೊಡಿಸುವುದು ಅವಳ ನೌಕರಿ. ಒಬ್ಬೊಬ್ಬರಿಗೆ ಮೂವತ್ತು ಗಂಟೆ. ಗಂಟೆ ತುಂಬದಿದ್ದರೆ ಅಂಕವಿಲ್ಲ, ಅಂಕವಿಲ್ಲದಿದ್ದರೆ ಸೆಮಿಸ್ಟರ್ ಇಲ್ಲ. ಗ್ರಂಥಾಲಯ, ಆಸ್ಪತ್ರೆ, ನರ್ಸರಿ ಶಾಲೆಗಳೆಲ್ಲ ಭರ್ತಿಯಾದ ಮೇಲೆ ಉಳಿದ ಹನ್ನೆರಡು ಮಂದಿಯನ್ನು ಅವಳು ಈ ಶೆಡ್ಡಿಗೆ ಹಾಕಿದ್ದಳು. ಶೆಡ್ಡಿನವನು ಬೇಕು ಅಂದಿದ್ದ. ತನ್ನ ಕಿವಿಯಾರೆ ಕೇಳಿದ್ದಳು. ಹಾಗಂದವನು ಈಗ ಷಟರ್ ಎಳೆದರೆ ಮೈ ಉರಿಯದೆ ಇರುತ್ತದೆಯೇ?

ವಿದ್ಯಾರ್ಥಿಗಳು ಅವಳ ಬೆನ್ನ ಹಿಂದೆ ಅವಳನ್ನು ಕುಕ್ಕರ್ ಎನ್ನುತ್ತಿದ್ದರು. ಅದು ಯಾಕೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಅವಳು ಷಟರಿನ ಕೆಳಗೆ ಬಗ್ಗಿ ಒಳಗೆ ನುಗ್ಗಿದಳು. ಬೈಯಲು ಬಂದವರು ಹೀಗೆ ನಡು ಬಗ್ಗಿಸಿ ಒಳಗೆ ಬರಬೇಕಾದರೆ ಅರ್ಧ ಗತ್ತು ಅಲ್ಲೇ ಹೋಗುತ್ತದೆ. ಒಳಗೆ ಗೋಡೆ ತುಂಬ ಗಾಲಿಗಳು ನೇತಾಡುತ್ತಿದ್ದವು. ಮಗುಚಿದ ವೀಲ್‌ಚೇರುಗಳು, ರಬ್ಬರ್ ಬುಡ ಕಳಚಿದ ವಾಕರುಗಳು, ಗ್ರೀಸಿನ ವಾಸನೆ. ಮೂಲೆಯಲ್ಲಿ ತನ್ನದೇ ವೀಲ್‌ಚೇರಿನಲ್ಲಿ ಕೂತ ಒಬ್ಬ ವಯಸ್ಸಾದ ಹೆಂಗಸು ಪೇಪರಿನ ಪದಬಂಧ ತುಂಬುತ್ತಿದ್ದಳು. ನಡುವೆ ಸ್ಪ್ಯಾನರ್ ಹಿಡಿದು ಅವನು ನಿಂತಿದ್ದ.

"ಏನ್ರೀ ಇದು? ಹನ್ನೆರಡು ಮಕ್ಕಳನ್ನ ಬೀದಿಯಲ್ಲಿ ನಿಲ್ಲಿಸಿದ್ದೀರಲ್ಲ, ಹೇಳೋಕೆ ಕೇಳೋಕೆ ಯಾರೂ ಇಲ್ವಾ?"

"ನಾನು ಹೇ... ಹೇ..."

"ಹೇಳಿದ್ರಿ. ಹೌದು, ಹೇಳಿದ್ರಿ. ಮೂರು ವಾರದ ಹಿಂದೆ, ಇದೇ ಜಾಗದಲ್ಲಿ ನಿಂತು, ಬೇಕು ಅಂತ ಹೇಳಿದ್ರಿ."

ಅವನ ಎಡಗಣ್ಣು ಮುಚ್ಚಿಕೊಂಡಿತು. ಸ್ಪ್ಯಾನರ್ ಹಿಡಿದ ಬೆರಳ ಗೆಣ್ಣುಗಳು ಬಿಳುಚಿದವು. ಅವಳು ಇನ್ನೊಂದು ಮಾತಿಗೆ ಬಾಯಿ ತೆರೆದಿದ್ದಳು, ಅಷ್ಟರಲ್ಲಿ ಮೂಲೆಯಿಂದ ದನಿ ಬಂತು.

"ತಾಯಿ, ಸ್ವಲ್ಪ ಬಾಯಿ ಮುಚ್ಕೊ. ಅವನ ಎಡಗಣ್ಣು ಮುಚ್ಚಿದೆ ಅಂದ್ರೆ ಮಾತು ಸಿಕ್ಕಿಹಾಕ್ಕೊಂಡಿದೆ ಅಂತ. ಕಣ್ಣು ಬಿಡೋವರೆಗೂ ಕಾಯಬೇಕು. ಐದನೇ ಕ್ಲಾಸಿನಲ್ಲಿ ಇವನಿಗೆ ಲೆಕ್ಕ ಹೇಳಿಕೊಟ್ಟೋಳು ನಾನು. ಅವತ್ತಿಂದ ಕಾಯ್ತಾ ಇದ್ದೀನಿ, ನಾನೇನೂ ಸವೆದುಹೋಗಿಲ್ಲ."

ಸಂಯೋಜಕಿ ಬಾಯಿ ಮುಚ್ಚಿದಳು. ಶೆಡ್ಡಿನೊಳಗೆ ಎಲ್ಲೋ ಒಂದು ಗಾಲಿ ಸುಮ್ಮನೆ ತಿರುಗುತ್ತಿತ್ತು. ಅದು ನಿಂತಿತು. ಅವನು ಕಣ್ಣು ತೆರೆದ.

"ಹೇ...ಳೋಕೆ ಬಿಡಲಿಲ್ಲ ನೀವು," ಎಂದ. "ನಾನು ಅಂದದ್ದು ಬೇ... ಬೇ...ಡ."

ಅವಳಿಗೆ ಆ ದಿನ ಪೂರ್ತಿ ನೆನಪಾಯಿತು. ಎರಡು ಮೀಟಿಂಗುಗಳ ನಡುವೆ ಐದೇ ನಿಮಿಷಕ್ಕೆ ಬಂದಿದ್ದಳು. ಅವನು ಒಂದು ಚೇರಿನ ಅಡಿಯಿಂದ ತಲೆ ಹೊರಗೆ ಹಾಕಿ, "ವಿದ್ಯಾರ್ಥಿಗಳು ನಮಗೆ ಬೇ... ಬೇ..." ಎಂದಿದ್ದ. "ಬೇಕು ತಾನೆ? ಗೊತ್ತಿತ್ತು ನನಗೆ," ಎಂದು ಫಾರಮ್ಮಿನಲ್ಲಿ ಟಿಕ್ ಹಾಕಿ, ಗಡಿಯಾರ ನೋಡಿಕೊಂಡು ಓಡಿದ್ದಳು. ಬೇಕಿಗೂ ಬೇಡಕ್ಕೂ ಮೊದಲಕ್ಷರ ಒಂದೇ ಎಂದು ಅವಳಿಗೆ ಹೊಳೆದೇ ಇರಲಿಲ್ಲ.

"ಒಂದು ಫೋನಾದ್ರೂ ಮಾಡಬಹುದಿತ್ತಲ್ಲ," ಎಂದಳು. ಅಂದ ಮರುಗಳಿಗೆ ನಾಲಿಗೆ ಕಚ್ಚಿಕೊಂಡಳು.

"ಕಾ...ಗದ ಬರೆದೆ. ಎರಡು ಸಲ."

ಅವಳ ಆಫೀಸಿನ ಟ್ರೇಯಲ್ಲಿ ಒಡೆಯದ ಲಕೋಟೆಗಳು ಎಷ್ಟಿವೆ ಎಂದು ಅವಳಿಗೇ ತಿಳಿಯದು. ಬೇರೆಯವರ ತಪ್ಪಿಗೆ ಬರುವ ಸಿಟ್ಟಿನಲ್ಲಿ ಒಂದು ಸುಖವಾದರೂ ಇದೆ. ಇದು ತನ್ನದೇ ತಪ್ಪು. ಇದಕ್ಕೆ ಬಂದ ಸಿಟ್ಟನ್ನು ಎಲ್ಲಿಡಬೇಕೆಂದು ತಿಳಿಯದೆ ಅವಳು ಕಿತ್ತ ಚಪ್ಪಲಿಯನ್ನೇ ದುರುಗುಟ್ಟಿ ನೋಡಿದಳು.

ಯಾಕೆ ಬೇಡ ಎಂಬುದನ್ನು ಅವನು ಹೇಳಿದ. ಹೇಳಿ ಮುಗಿಸಲು ಏಳು ನಿಮಿಷ ಬೇಕಾಯಿತು. ಹೋದ ವರ್ಷ ಬೇರೆ ಕಾಲೇಜಿನಿಂದ ಒಂದು ತಂಡ ಬಂದಿತ್ತು. ಎಲ್ಲರಿಗೂ ಒಂದೇ ಬಣ್ಣದ ಅಂಗಿ. ಒಬ್ಬ ದರ್ಜಿಯ ಚೇರಿನ ಎರಡೂ ಗಾಲಿ ಬಿಚ್ಚಿ, ಕೈಯಲ್ಲಿ ಹಿಡಿದು ಫೋಟೋ ತೆಗೆಸಿಕೊಂಡರು. ಬೇರಿಂಗುಗಳನ್ನು ಎಲ್ಲೋ ಕಳೆದು, ಊಟದ ಹೊತ್ತಾಯಿತೆಂದು ಹೋದವರು ತಿರುಗಿ ಬರಲಿಲ್ಲ. ದರ್ಜಿ ನಾಲ್ಕು ದಿನ ಹಾಸಿಗೆ ಬಿಟ್ಟು ಏಳಲಾಗಲಿಲ್ಲ. ಆ ಮಕ್ಕಳನ್ನು ಕಳಿಸಿದವರ ಮುಖವನ್ನು ಅವನು ಇವತ್ತಿಗೂ ನೋಡಿಲ್ಲ.

"ಮೂ...ಮೂರು ಮೂರು ಜನ ಬರಲಿ," ಎಂದ ಕೊನೆಗೆ, ಬೇಸರದಿಂದಲೇ. "ಮಕ್ಕಳ ವರ್ಷ ಹಾಳಾಗೋದು ಬೇಡ. ಆದ್ರೆ ಕಳಿಸಿದೋರೂ ಬ... ಬ..."

ಬರಬೇಕು ಎಂಬುದು ಅವಳ ತುಟಿಯವರೆಗೆ ಬಂದಿತ್ತು. ಅವಳು ಅದನ್ನು ನುಂಗಿದಳು.

"...ಬರಬೇಕು," ಎಂದ ಅವನು. ಆಮೇಲೆ ಕೈ ಚಾಚಿದ. ಏನೆಂದು ಅವಳಿಗೆ ಅರ್ಥವಾಗಲಿಲ್ಲ. ಅವನು ಅವಳ ಕಾಲು ತೋರಿಸಿದ. ಚಪ್ಪಲಿ ಕೊಟ್ಟಳು. ಅವನು ಪಟ್ಟಿಗೆ ಒಂದು ರಿವೆಟ್ ಹೊಡೆದು, ಮುಖ ಗಂಟಿಕ್ಕಿಕೊಂಡೇ ವಾಪಸು ಕೊಟ್ಟ.

ಹೀಗೆ ಶುರುವಾಯಿತು. ಪ್ರೀತಿಯಲ್ಲ, ಜಗಳ.

ವಾರಕ್ಕೆರಡು ಬೆಳಿಗ್ಗೆ ಅವಳು ಮೂವರು ವಿದ್ಯಾರ್ಥಿಗಳ ಜೊತೆ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದಳು, ಗ್ರೀಸು ಒರೆಸುತ್ತಿದ್ದಳು, ಜಗಳವಾಡುತ್ತಿದ್ದಳು. ಮೊದಲ ದೊಡ್ಡ ಜಗಳ ಫಾರಮ್ಮಿನ ಮೇಲೆ. ಅದರಲ್ಲಿ ಫಲಾನುಭವಿಗಳ ಸಂಖ್ಯೆ ಎಂದೊಂದು ಕಾಲಂ ಇತ್ತು. ಅವನು ಅಲ್ಲಿ ಹನ್ನೆರಡು ಎಂದು ಬರೆದಿದ್ದ.

"ಇಲ್ಲಿಗೆ ಚೇರು ರಿಪೇರಿಗೆ ಬರೋರು ನಲವತ್ತು ಜನ. ಹನ್ನೆರಡು ಎಲ್ಲಿಂದ ಬಂತು?"

"ನಿ...ಮ್ಮ ಹುಡುಗರು ಹನ್ನೆರಡೇ ತಾನೆ. ಕಲೀತಿರೋದು ಅವರು. ಫಲ ಅ...ಅವರದ್ದು."

ಅವಳು ಫಾರಮ್ಮನ್ನು ಕಿತ್ತುಕೊಂಡು ಹೋದಳು. ಎರಡು ದಿನ ಮುಖ ಊದಿಸಿಕೊಂಡಿದ್ದಳು. ಮೂರನೆಯ ದಿನ ಆ ಕಾಲಂ ಇಲ್ಲದ ಹೊಸ ಫಾರಮ್ಮು ಅಚ್ಚು ಹಾಕಿಸಿ, ಅವನ ಮುಂದೆ ಕುಕ್ಕಿದಳು. ಅವನು ಓದಿ ನೋಡಿ ಸಹಿ ಹಾಕಿದ. ತುಟಿಯ ಒಂದು ತುದಿ ಮಾತ್ರ ಮೇಲಕ್ಕೆ ಹೋಯಿತು. ಅದನ್ನು ನೋಡಿ ಅವಳಿಗೆ ಇನ್ನೂ ಸಿಟ್ಟು ಬಂತು. ನಗುವುದಾದರೆ ನೆಟ್ಟಗೆ ನಗಬಾರದೇ ಮನುಷ್ಯ.

ಅವನ ಜೊತೆ ಜಗಳವಾಡುವುದರಲ್ಲಿ ಒಂದು ಫಜೀತಿಯಿತ್ತು. ಸಿಟ್ಟು ಬಂದಷ್ಟೂ ಅವನ ಮಾತು ಹೆಚ್ಚು ತಡವರಿಸುತ್ತಿತ್ತು. ಅವನು ಬೈದು ಮುಗಿಸುವ ಹೊತ್ತಿಗೆ ಅವಳ ಸಿಟ್ಟು ಆರಿ ತಣ್ಣಗಾಗಿರುತ್ತಿತ್ತು. ಮತ್ತೆ ಬಿಸಿ ಮಾಡಿಕೊಂಡು ಉತ್ತರ ಕೊಡಬೇಕು. ಜೀವಮಾನದಲ್ಲಿ ಅರ್ಧ ನಿಮಿಷಕ್ಕಿಂತ ಹೆಚ್ಚು ಯಾರ ಮಾತನ್ನೂ ಪೂರ್ತಿ ಕೇಳದವಳು, ಒಬ್ಬ ಗಂಡಸು ತನ್ನನ್ನು ‘ಅ...ಅಹಂಕಾರಿ’ ಎಂದು ಹೇಳಿ ಮುಗಿಸಲಿ ಎಂದು ಕೈಕಟ್ಟಿ ಕಾದಳು.

ಕಾಯುವಾಗ ಕಣ್ಣಿಗೆ ಬೇರೆ ಕೆಲಸವಿರುವುದಿಲ್ಲ. ಅವನ ಹುಬ್ಬಿನಲ್ಲಿ ಒಂದು ಹಳೆ ಗಾಯದ ಗುರುತಿತ್ತು. ಮಾತು ಬರುವ ಮೊದಲು ಹೆಬ್ಬೆರಳು ಗಾಲಿಯ ಕಡ್ಡಿಯೊಂದನ್ನು ಮೆಲ್ಲಗೆ ಒತ್ತುತ್ತಿತ್ತು. ಎಡಗಣ್ಣು ತೆರೆದುಕೊಳ್ಳುವ ಆ ಕ್ಷಣದಲ್ಲಿ ಅವನು ಸೀದಾ ಅವಳನ್ನೇ ನೋಡುತ್ತಿದ್ದ. ಅವಳು ಕೂಡಲೇ ನೋಟ ತಿರುಗಿಸಿ, ಆಗಲೇ ಒರೆಸಿದ ಬೇರಿಂಗನ್ನೇ ಮತ್ತೆ ಒರೆಸುತ್ತಿದ್ದಳು.

ಒಂದು ದಿನ ಅವನೂ ಅವಳನ್ನೇ ನೋಡುತ್ತಿದ್ದುದು ಗೊತ್ತಾಯಿತು.

"ಏನು, ನನ್ನ ಮುಖದಲ್ಲಿ ಗ್ರೀಸಿದೆಯಾ?"

"ಮಾತು ನುಂ...ನುಂಗುವಾಗ ಕೆನ್ನೆ ಉಬ್ಬುತ್ತೆ. ಕು...ಕುಕ್ಕರ್."

ಅವಳು ಗರ್ರನೆ ತಿರುಗಿದಳು. ಕನ್ನಡಕದ ಹುಡುಗಿ ಅಷ್ಟರಲ್ಲಿ ಒಂದು ವಾಕರಿನ ಹಿಂದೆ ಅಡಗಿದ್ದಳು. ಲೆಕ್ಕದ ಟೀಚರ್ ಪದಬಂಧದಿಂದ ತಲೆಯೆತ್ತದೆ, "ನಾಲ್ಕಕ್ಷರ, ನೆಟ್ಟಗೆ ಒಪ್ಪಿಕೊಳ್ಳದ ಭಾವನೆ," ಎಂದಳು.

ಮನೆಯಲ್ಲಿ ಅಕ್ಕ ಒಂದು ರಾತ್ರಿ ಊಟಕ್ಕೆ ಕೂತಾಗ ಏನೋ ಹೇಳುತ್ತಿದ್ದವಳು ಹಠಾತ್ತನೆ ನಿಲ್ಲಿಸಿ ತಂಗಿಯ ಮುಖ ನೋಡಿದಳು. "ನಾನು ಪೂರ್ತಿ ಒಂದು ವಾಕ್ಯ ಹೇಳಿ ಮುಗಿಸಿದೆ ಕಣೇ. ನಿನ್ನೆದುರಿಗೆ. ಎಷ್ಟು ವರ್ಷ ಆಯ್ತು ಇದಾಗಿ. ಯಾರೇ ಅವನು?"

"ಯಾರೂ ಇಲ್ಲ. ಒಬ್ಬ ತಲೆಹರಟೆ."

"ಓಹೋ," ಎಂದಳು ಅಕ್ಕ, ಇನ್ನೊಂದು ಸೌಟು ಬಡಿಸುತ್ತಾ.

ಸೆಮಿಸ್ಟರಿನ ಕೊನೆಗೆ ಸಭೆಯೊಂದು ಬಂತು. ವಿದ್ಯಾರ್ಥಿಗಳಿಗೆ ಜಾಗ ಕೊಟ್ಟ ಪಾಲುದಾರರಲ್ಲಿ ಇಬ್ಬರು ಆ ವರ್ಷ ಆಗಲೇ ಕೈಬಿಟ್ಟಿದ್ದರು. ಡೀನ್ ಅವಳನ್ನು ಕರೆದು ಖಡಾಖಂಡಿತವಾಗಿ ಹೇಳಿದರು, "ಪಾಲುದಾರರು ಬಂದು ಮುಂದಿನ ವರ್ಷವೂ ವಿದ್ಯಾರ್ಥಿಗಳು ಬೇಕು ಅಂತ ಬಾಯಿಬಿಟ್ಟು ಹೇಳಲಿ. ಇನ್ನೊಬ್ಬರು ಬೇಡ ಅಂದ್ರೂ ಈ ಕಾರ್ಯಕ್ರಮ ಮುಚ್ಚಿಬಿಡ್ತೀನಿ."

ಅವನಿಗೆ ಆಹ್ವಾನ ಕಳಿಸಿದಳು. ಬರ್ತೀನಿ ಎಂದು ಅದರ ಹಿಂದೆಯೇ ಬರೆದು ಕೊಟ್ಟ. ಆ ಸಂಜೆ ಆಫೀಸಿನಲ್ಲಿ ಕೂತು ಕಾರ್ಯಸೂಚಿ ಟೈಪು ಮಾಡುವಾಗ ಅವಳ ಕೈ ನಿಂತಿತು. ಉದ್ದನೆಯ ಮೇಜು, ಗಡಿಯಾರ ನೋಡಿಕೊಳ್ಳುವ ಹತ್ತು ಜನ, ನಡುವೆ ಅವನ ಮುಚ್ಚಿದ ಎಡಗಣ್ಣು. ಯಾರೋ ಒಬ್ಬರು ಕೆಮ್ಮಿ ನಗು ಮುಚ್ಚಿಕೊಳ್ಳುತ್ತಾರೆ. ಅದನ್ನು ಅವಳು ತಾಳಲಾರಳು. ನಾಲ್ಕನೆಯ ಅಂಶದ ಮುಂದೆ, ‘ರಿಪೇರಿ ಶೆಡ್ಡಿನ ಅಭಿಪ್ರಾಯ: ಸಂಯೋಜಕಿಯಿಂದ ಮಂಡನೆ’ ಎಂದು ಟೈಪು ಮಾಡಿದಳು.

ಮರುದಿನ ಕನ್ನಡಕದ ಹುಡುಗಿ ಆ ಹಾಳೆಯನ್ನು ಎಲ್ಲ ಪಾಲುದಾರರಿಗೂ ಹಂಚಿ ಬಂದಳು.

ಅವಳು ಶೆಡ್ಡಿಗೆ ಹೋದಾಗ ಅವನು ಹಾಳೆ ಹಿಡಿದು ಬಾಗಿಲಲ್ಲೇ ನಿಂತಿದ್ದ. ಅವನ ಸಿಟ್ಟು ಅವಳಿಗೆ ಪರಿಚಯವಿತ್ತು. ಇದು ಆ ಸಿಟ್ಟಲ್ಲ.

"ಯಾ...ರು ಕೇಳಿದ್ರು ನಿಮ್ಮನ್ನ?"

"ಅಲ್ಲಿರೋ ಜನ ನಿಮಗೆ ಗೊತ್ತಿಲ್ಲ. ಅವರಿಗೆ ಕಾಯೋ ತಾಳ್ಮೆ ಇಲ್ಲ. ನಿಮಗೆ ಅವಮಾನ ಆಗಬಾರದು ಅಂತ..."

"ನಿಮಗೆ ನಾ...ನಾಚಿಕೆ."

"ನಾಚಿಕೆಯಲ್ಲ ರೀ. ಯಾರಾದ್ರೂ ನಕ್ಕರೆ ನಾನು ಅವರನ್ನ ಅಲ್ಲೇ ಸಿಗಿದುಹಾಕ್ತೀನಿ ಅಂತ ಭಯ. ಅಷ್ಟೂ ಗೊತ್ತಾಗಲ್ವಾ ನಿಮಗೆ?"

ಅವನು ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡ. ಆದರೆ ಸಿಟ್ಟು ಇಳಿಯಲಿಲ್ಲ.

"ನಗ್ಲಿ. ಅದು ನನ್ನ ಬಾ...ಬಾಯಿ. ಮೊದಲನೇ ಸಲ ಗೊತ್ತಿಲ್ದೆ ನನ್ನ ಮಾತು ಕಿ...ಕಿತ್ಕೊಂಡ್ರಿ. ಈ ಸಲ ಗೊ... ಗೊ..." ಎಡಗಣ್ಣು ಬಹಳ ಹೊತ್ತು ಮುಚ್ಚಿಯೇ ಇತ್ತು. ಅವಳು ಕಾದಳು. ಬರಲಿರುವ ಮಾತು ಅವಳಿಗೆ ಗೊತ್ತಿತ್ತು. ಅದು ಬಾರದೇ ಇರಲಿ ಎಂದು ಆಸೆಪಟ್ಟಳು. "...ಗೊತ್ತಿದ್ದೂ."

ಅವನು ಷಟರನ್ನು ಅರ್ಧಕ್ಕೆ ಎಳೆದ. ಕೆಳಗಿನ ಸಂದಿಯಲ್ಲಿ ಅವನ ಎರಡು ಪಾದಗಳು ಕಾಣುತ್ತಿದ್ದವು. ಅವು ಅಲ್ಲಿಂದ ಕದಲಲಿಲ್ಲ. ಅವಳೂ ಕದಲಲಿಲ್ಲ. ಬಗ್ಗಿ ಒಳಗೆ ಹೋಗಬಹುದಿತ್ತು. ಹೋದರೆ ಮತ್ತೆ ತಾನೇ ಮಾತಾಡಿಬಿಡುತ್ತೇನೆ ಎಂದು ಹೆದರಿ, ಕಣ್ಣೊರೆಸಿಕೊಂಡು ಹೊರಟುಹೋದಳು.

ಸಭೆ ಮಧ್ಯಾಹ್ನ ಮೂರಕ್ಕೆ. ಅವನ ಕುರ್ಚಿ ಖಾಲಿಯಿತ್ತು. ನಾಲ್ಕನೆಯ ಅಂಶ ಬಂದಾಗ ಅವಳು ಎದ್ದು ನಿಂತಳು.

"ಸರ್, ಇಲ್ಲಿ ತಪ್ಪು ಅಚ್ಚಾಗಿದೆ. ತಪ್ಪು ನನ್ನದೇ. ಅವರ ಅಭಿಪ್ರಾಯ ಹೇಳೋಕೆ ನಾನು ಯಾರೂ ಅಲ್ಲ. ಅದು ಏನು ಅಂತಾನೂ ನನಗೆ ಗೊತ್ತಿಲ್ಲ."

"ಹಾಗಾದ್ರೆ ಅವರಿಗೆ ಬೇಡ ಅಂತ ಬರೆಸಲಾ?" ಡೀನ್ ಕೇಳಿದರು. ಗುಮಾಸ್ತೆಯ ಬೆರಳುಗಳು ಕಂಪ್ಯೂಟರಿನ ಮೇಲೆ ಸಿದ್ಧವಾಗಿದ್ದವು.

ಆಗ ಬಾಗಿಲು ತೆರೆಯಿತು. ಮೊದಲು ಲೆಕ್ಕದ ಟೀಚರ ಚೇರು ಬಂತು, ಅದರ ಹಿಂದೆ ಇಸ್ತ್ರಿ ಮಾಡಿದ ಅಂಗಿಯಲ್ಲಿ ಅವನು. "ನಿಮ್ಮ ಕಟ್ಟಡದಲ್ಲಿ ಇಳಿಜಾರು ಇರೋದು ಹಿಂದಿನ ಬಾಗಿಲಿಗೆ ಮಾತ್ರ," ಎಂದಳು ಟೀಚರ್, ಯಾರೂ ಕೇಳದಿದ್ದರೂ. "ಅದಕ್ಕೆ ಸುತ್ತಿ ಬಂದ್ವಿ. ಅದನ್ನೂ ಬರ್ಕೊಳ್ಳಿ."

ಅವನು ಅವಳ ಕಡೆ ನೋಡಲಿಲ್ಲ.

ಡೀನ್ ಗಡಿಯಾರ ನೋಡಿದರು. "ಬನ್ನಿ, ಕೂತ್ಕೊಳ್ಳಿ. ಒಂದೇ ಪ್ರಶ್ನೆ. ಮುಂದಿನ ವರ್ಷವೂ ಹನ್ನೆರಡು ಜನ ಬೇಕು ತಾನೆ?"

"ಬೇ..." ಎಂದ ಅವನು. "ಬೇ... ಬೇ..."

ಎಡಗಣ್ಣು ಮುಚ್ಚಿತು. ಮೇಜಿನ ಆ ತುದಿಯಲ್ಲಿ ಯಾರೋ ಪೆನ್ನಿನ ಮುಚ್ಚಳ ತೆಗೆದು ಹಾಕಿದರು. ಡೀನ್ ಸೌಜನ್ಯದ ನಗೆ ನಕ್ಕು ಗುಮಾಸ್ತೆಯ ಕಡೆ ತಿರುಗಿದರು. "ಬೇಕು ಅಂತ ಬರ್ಕೊಳ್ಳಿ."

ಸಂಯೋಜಕಿ ಸುಮ್ಮನಿದ್ದರೆ ಸಾಕಿತ್ತು. ಆ ಒಂದು ಪದ ನಡಾವಳಿಗೆ ಸೇರಿದರೆ ಅವಳ ಕಾರ್ಯಕ್ರಮ, ಅವಳ ಆರು ವರ್ಷದ ದುಡಿಮೆ ಉಳಿಯುತ್ತಿತ್ತು. ಸೇರಬೇಕಾದ ಪದ ಅದಲ್ಲದಿರಬಹುದು ಎಂದು ಆ ಕೋಣೆಯಲ್ಲಿ ಅವಳಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

"ಬರೀಬೇಡಿ," ಎಂದಳು. ದನಿ ಅವಳು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. "ಅವರು ಇನ್ನೂ ಹೇಳಿಲ್ಲ. ಸರ್, ದಯವಿಟ್ಟು ಕಾಯಿರಿ. ನಾವೆಲ್ಲರೂ ಕಾಯೋಣ."

ಡೀನ್ ಹುಬ್ಬೇರಿಸಿದರು. ಅವಳು ಅವರನ್ನೇ ದಿಟ್ಟಿಸಿದಳು. ಕೆಮ್ಮುವವರು ಕೆಮ್ಮಿ ನೋಡಲಿ ಎಂಬಂತೆ ಮೇಜಿನ ಸುತ್ತ ಒಮ್ಮೆ ಕಣ್ಣು ಹಾಯಿಸಿದಳು. ಯಾರೂ ಕೆಮ್ಮಲಿಲ್ಲ. ಕೋಣೆಯಲ್ಲಿದ್ದವರೆಲ್ಲ ಕಾದರು.

ಅವನು ಕಣ್ಣು ತೆರೆದ.

"ಬೇಡ," ಎಂದ.

ಅವಳು ತಲೆ ತಗ್ಗಿಸಲಿಲ್ಲ. ಮಾತು ಅವನದು, ಅವನು ಆಡಿದ್ದಾನೆ. ಗುಮಾಸ್ತೆ ಟೈಪು ಮಾಡತೊಡಗಿದಳು. ಅವನು ಕೈಯೆತ್ತಿ ತಡೆದ.

"ಹ...ಹನ್ನೆರಡು ಬೇಡ. ಮೂರು ಸಾಕು. ಮೂ...ಮೂರು ಜನಕ್ಕಾದ್ರೆ ಕೆಲಸ ಕಲಿಸಬಹುದು. ವರ್ಷಾ ವರ್ಷಾ ಬರಲಿ. ಕಳಿಸೋರೂ ಜೊ...ಜೊತೆಗೆ ಬರಬೇಕು." ಆಮೇಲೆ ಮೊದಲ ಸಲ ಅವಳ ಕಡೆ ನೋಡಿದ. "ಕಾ...ಯೋಕೆ ಬರೋರು."

ಡೀನ್ ಗೊಣಗಿದರು. ಮೂವರು ಮೂವರಂತೆ ಹಂಚಿದರೆ ಇನ್ನೂ ಎಷ್ಟೋ ಜಾಗ ಹುಡುಕಬೇಕು, ಹುಡುಕುವವರು ಯಾರು ಎಂದರು. "ನಾನು," ಎಂದಳು ಸಂಯೋಜಕಿ, ಅವರ ಮಾತು ಪೂರ್ತಿ ಮುಗಿದ ಮೇಲೆ.

ಸಭೆ ಮುಗಿದು ಅವಳು ಹಿಂದಿನ ಬಾಗಿಲಿಗೆ ಓಡಿದಳು. ಚಪ್ಪಲಿಯ ರಿವೆಟ್ ಗಟ್ಟಿಯಾಗಿತ್ತು. ಇಳಿಜಾರಿನ ನಡುವೆ ಅವನು ಚೇರು ಹಿಡಿದು ನಿಂತಿದ್ದ. ಅವಳನ್ನು ಕಂಡ ಟೀಚರ್ ತಾನೇ ಬ್ರೇಕ್ ಹಾಕಿಕೊಂಡಳು.

"ಬೇಡ ಅಂತ ಹೇಳಿ ಅಷ್ಟು ಹೊತ್ತು ನಿಲ್ಲಿಸಿದ್ರಲ್ಲ, ನನ್ನ ಜೀವ ಬಾಯಿಗೆ ಬಂದಿತ್ತು," ಎಂದು ಅವಳು ಹರಿಹಾಯ್ದಳು. "ಅದೇನು, ಕಳಿಸೋರು ಬರಬೇಕು ಅನ್ನೋದು? ಷರತ್ತಾ, ಆಸೆಯಾ?"

"ಎ...ರಡೂ."

"ನನಗೆ ಒಗಟು ಬಿಡಿಸೋಕೆ ಬರಲ್ಲ. ಆ ಹಾಳೆಯಲ್ಲಿ ಹಾಗೆ ಬರೆದದ್ದು ತಪ್ಪು, ಒಪ್ಪಿಕೊಂಡೆ. ನಿಮ್ಮ ಮೇಲೆ ನನಗೆ ಪ್ರೀತಿ ಇದೆ, ಅದನ್ನೂ ಒಪ್ಪಿಕೊಂಡೆ. ಈಗ ನೀವು ಹೇಳಿ. ನಾನು ಬೇಕಾ, ಬೇಡ್ವಾ?"

"ಬೇ..." ಎಂದು ಅವನು ನಿಲ್ಲಿಸಿದ.

ಅವಳು ಕಾದಳು. ಮನಸ್ಸಿನಲ್ಲೇ ಎಣಿಸಿದಳು. ಮೂರು, ನಾಲ್ಕು, ಐದು. ಏಳಕ್ಕೆ ಬಂದಾಗ ಅವನ ಮುಖ ನೋಡಿದಳು. ಎಡಗಣ್ಣು ಮುಚ್ಚಿರಲಿಲ್ಲ. ಎರಡೂ ಕಣ್ಣು ಚೆನ್ನಾಗಿಯೇ ತೆರೆದಿದ್ದವು, ತುಟಿಯ ಒಂದು ತುದಿ ಮೇಲಕ್ಕೆ ಹೋಗಿತ್ತು. ಮಾತು ಎಲ್ಲೂ ಸಿಕ್ಕಿಹಾಕಿಕೊಂಡಿರಲಿಲ್ಲ. ಬೇಕೆಂದೇ ಕಾಯಿಸುತ್ತಿದ್ದ.

ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ಕೆನ್ನೆ ಉಬ್ಬಿತು. ಉಳಿದ ಅಕ್ಷರ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಹಲ್ಲು ಕಚ್ಚಿ ಹಿಡಿದುಕೊಂಡಳು.

"ಎಷ್ಟು ಹೊತ್ತೋ ಮಾರಾಯ, ಮುಖಕ್ಕೆ ಬಿಸಿಲು ಹೊಡೀತಿದೆ," ಎಂದಳು ಟೀಚರ್.

"ಅವಸರ ಮಾಡಬೇಡಿ ಟೀಚರ್," ಎಂದಳು ಸಂಯೋಜಕಿ. "ಅವರು ಇನ್ನೂ ಹೇಳಿಲ್ಲ."

"ಬೇಕು," ಎಂದ ಅವನು.

ಅದಕ್ಕೆ ಇನ್ನೊಂದು ಮಾತು ಸೇರಿಸಲು ಹೋದ. "ಕು... ಕು..." ಈಗ ಎಡಗಣ್ಣು ನಿಜವಾಗಿಯೂ ಮುಚ್ಚಿಕೊಂಡಿತು. ಅದು ಯಾವ ಮಾತೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆ ಹೆಸರು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಅವನ ಹತ್ತಿರ ಹೋಗಿ, ಚೇರಿನ ಹಿಡಿಯ ಮೇಲಿದ್ದ ಅವನ ಕೈ ಮೇಲೆ ಕೈಯಿಟ್ಟು, ಅವನು ಪೂರ್ತಿ ಹೇಳಿ ಮುಗಿಸುವವರೆಗೂ ಕಾದಳು.